ಮುಂಗಡಪತ್ರದ ಮರೆಯಲ್ಲಿ ಶಾಸನ

ಕೇಂದ್ರ ಮುಂಗಡಪತ್ರ ಮಂಡನೆಯಾದ ದಿನ ನಮ್ಮಲ್ಲಿ ಪ್ರತಿಯೊಬ್ಬರೂ ತಮಗೆ ಬೇಕಾದ ಒಂದೆರಡು ಸಾಲುಗಳನ್ನು ಹುಡುಕಿಕೊಳ್ಳುತ್ತಾರೆ. ಸಂಬಳದಾರರಿಗೆ ಆದಾಯ ತೆರಿಗೆಯ ಹಂತಗಳ ಚಿಂತೆ. ಮುಧೋಳ, ಜಮಖಂಡಿಯ ಕಬ್ಬು ಬೆಳೆಗಾರರಿಗೆ ಸಕ್ಕರೆ ಮತ್ತು ಎಥೆನಾಲ್ ಕುರಿತ ಘೋಷಣೆಗಳ ನಿರೀಕ್ಷೆ. ರಬಕವಿ-ಬನಹಟ್ಟಿಯ ನೇಕಾರರಿಗೆ ಹತ್ತಿ ಮತ್ತು ನೂಲಿನ ದರದ ಆತಂಕ. ಬಾಗಲಕೋಟೆ-ಕುಡಚಿ ರೈಲು ಮಾರ್ಗಕ್ಕೆ ಈ ಸಲ ಎಷ್ಟು ಹಣ ಬಂತು ಎಂಬುದು ಇಡೀ ಸೀಮೆಯ ಪ್ರಶ್ನೆ. ಮರುದಿನದ ಪತ್ರಿಕೆಗಳಲ್ಲಿ ಅಗ್ಗವಾದವು, ತುಟ್ಟಿಯಾದವು ಎಂಬ ಎರಡು ಪಟ್ಟಿಗಳು ಪ್ರಕಟವಾಗುತ್ತವೆ. ಅಲ್ಲಿಗೆ ಮುಂಗಡಪತ್ರದ ಅಧ್ಯಾಯ ಮುಗಿಯಿತೆಂದು ನಾವು ಭಾವಿಸುತ್ತೇವೆ.

ವಾಸ್ತವದಲ್ಲಿ ಅದು ಆರಂಭವಾಗುವುದೇ ಅಲ್ಲಿಂದ. ಭಾಷಣದ ಬೆನ್ನಿಗೇ ಸದನದಲ್ಲಿ ಮಂಡನೆಯಾಗುವ ಹಣಕಾಸು ಮಸೂದೆ ನೂರಾರು ಖಂಡಗಳುಳ್ಳ ದಸ್ತಾವೇಜು. ಅದರ ಬಹುಭಾಗ ತೆರಿಗೆಗೆ ಸಂಬಂಧಿಸಿದ್ದು. ಆದರೆ ತೆರಿಗೆಗೂ ತಮಗೂ ಸಂಬಂಧವೇ ಇಲ್ಲದ ಖಂಡಗಳು ಕಳೆದ ದಶಕದಲ್ಲಿ ಅದರ ಕೊನೆಯ ಪುಟಗಳಲ್ಲಿ ಸೇರಿಕೊಂಡಿವೆ. ರಾಜಕೀಯ ಪಕ್ಷಗಳ ದೇಣಿಗೆ, ನ್ಯಾಯಮಂಡಳಿಗಳ ರಚನೆ, ವಿದೇಶಿ ಹಣದ ನಿಯಂತ್ರಣ ಮೊದಲಾದ ಗಂಭೀರ ವಿಷಯಗಳು ಮುಂಗಡಪತ್ರದ ಮರೆಯಲ್ಲಿ ಶಾಸನವಾಗಿವೆ. ಪ್ರಜಾಪ್ರಭುತ್ವದಲ್ಲಿ ಕಾನೂನು ಹೇಗೆ ಹುಟ್ಟಬೇಕು ಎಂಬ ಪ್ರಶ್ನೆ ಇದರಲ್ಲಿ ಅಡಗಿದೆ.

ಮೊದಲು ವ್ಯವಸ್ಥೆಯನ್ನು ಅರಿತುಕೊಳ್ಳೋಣ. ಮುಂಗಡಪತ್ರದ ಭಾಷಣ ಕಾನೂನಲ್ಲ, ಅದು ಸರ್ಕಾರದ ಉದ್ದೇಶದ ಪ್ರಕಟಣೆ. ಇದಕ್ಕೆ ರಬಕವಿ-ಬನಹಟ್ಟಿಯೇ ಸಾಕ್ಷಿ. 2017-18ರ ರಾಜ್ಯ ಮುಂಗಡಪತ್ರದಲ್ಲಿ 49 ಹೊಸ ತಾಲ್ಲೂಕುಗಳನ್ನು ಘೋಷಿಸಿದಾಗ ಆ ಪಟ್ಟಿಯಲ್ಲಿ ಈ ಅವಳಿ ಪಟ್ಟಣವೂ ಇತ್ತು. ಆದರೆ ಭಾಷಣದಲ್ಲಿ ಹೆಸರು ಬಂದ ಮಾತ್ರಕ್ಕೆ ತಾಲ್ಲೂಕು ಅಸ್ತಿತ್ವಕ್ಕೆ ಬರಲಿಲ್ಲ. ಗಡಿ ಗುರುತಿಸಿ, ಅಧಿಸೂಚನೆ ಹೊರಡಿಸಿ, ಕಚೇರಿ ತೆರೆದ ಮೇಲಷ್ಟೇ ಅದು ನಿಜವಾಯಿತು. ಘೋಷಣೆಗೂ ಅಧಿಕೃತ ಆದೇಶಕ್ಕೂ ಇರುವ ಈ ಅಂತರವೇ ನಾಗರಿಕರಿಗೆ ಆಕ್ಷೇಪಿಸಲು, ಸಲಹೆ ನೀಡಲು ದೊರೆಯುವ ಅವಕಾಶ.

ಕೇಂದ್ರದಲ್ಲಿ ಭಾಷಣದ ಬೆನ್ನಿಗೆ ಎರಡು ಬಗೆಯ ಮಸೂದೆಗಳು ಬರುತ್ತವೆ. ಖರ್ಚಿಗೆ ಅನುಮತಿ ನೀಡುವುದು ಧನವಿನಿಯೋಗ ಮಸೂದೆ. ಸಂವಿಧಾನದ 114ನೇ ವಿಧಿಯ ಪ್ರಕಾರ ಮಂಜೂರಾದ ಮೊತ್ತವನ್ನಾಗಲಿ ಅದರ ಉದ್ದೇಶವನ್ನಾಗಲಿ ಬದಲಿಸುವ ತಿದ್ದುಪಡಿಯನ್ನು ಅದಕ್ಕೆ ಸೂಚಿಸುವಂತಿಲ್ಲ. ಹೀಗಾಗಿ ಅನ್ಯ ವಿಷಯಗಳನ್ನು ತುರುಕಲು ಅಲ್ಲಿ ಜಾಗವಿಲ್ಲ. ತೆರಿಗೆ ಪ್ರಸ್ತಾವಗಳಿಗೆ ಕಾನೂನಿನ ಬಲ ಕೊಡುವುದು ಹಣಕಾಸು ಮಸೂದೆ. ಅದು ಸೋತರೆ ಸರ್ಕಾರವೇ ಸೋತಂತೆ. ಹೊಸ ಸುಂಕಗಳನ್ನು ಮಸೂದೆ ಮಂಡನೆಯಾದ ದಿನದಿಂದಲೇ ತಾತ್ಕಾಲಿಕವಾಗಿ ವಸೂಲು ಮಾಡಲು ಅವಕಾಶವಿದ್ದರೂ ಆ ಅವಕಾಶಕ್ಕೆ 75 ದಿನಗಳ ಮಿತಿಯಿದೆ. ಆದ್ದರಿಂದ ನಿಗದಿತ ಕಾಲದೊಳಗೆ ಅಂಗೀಕಾರವಾಗಲೇಬೇಕಾದ ವಾಹನವಿದು. ಸ್ವಂತ ಬಲದಿಂದ ಸಾಗಲಾಗದ ಪ್ರಸ್ತಾವಗಳು ಇಂತಹ ವಾಹನವನ್ನು ಏರಲು ಹವಣಿಸುವುದರಲ್ಲಿ ಆಶ್ಚರ್ಯವಿಲ್ಲ.

ಇದಕ್ಕೆ ಇನ್ನೊಂದು ಅನುಕೂಲವೂ ಜೊತೆಗೂಡಿದೆ. ಹಣಕಾಸು ಮಸೂದೆಯನ್ನು ಸಾಮಾನ್ಯವಾಗಿ ಧನ ಮಸೂದೆಯೆಂದು ಲೋಕಸಭಾಧ್ಯಕ್ಷರು ಪ್ರಮಾಣೀಕರಿಸುತ್ತಾರೆ. ಧನ ಮಸೂದೆಯ ವಿಷಯದಲ್ಲಿ ರಾಜ್ಯಸಭೆಗೆ ಇರುವುದು 14 ದಿನಗಳ ಅವಧಿ ಮತ್ತು ಶಿಫಾರಸು ಮಾಡುವ ಅಧಿಕಾರ ಮಾತ್ರ. ಶಿಫಾರಸುಗಳನ್ನು ಒಪ್ಪುವುದು ಬಿಡುವುದು ಲೋಕಸಭೆಗೆ ಸೇರಿದ್ದು. ಇಷ್ಟು ದೊಡ್ಡ ವಿನಾಯಿತಿ ಕೊಟ್ಟ ಸಂವಿಧಾನಕಾರರು ಅದಕ್ಕೆ ತಕ್ಕ ಬೇಲಿಯನ್ನೂ ಹಾಕಿದ್ದರು. ತೆರಿಗೆ, ಸಾಲ, ಸಂಚಿತ ನಿಧಿ ಇತ್ಯಾದಿ ಪಟ್ಟಿ ಮಾಡಿದ ವಿಷಯಗಳು ಮತ್ತು ಅವುಗಳಿಗೆ ಆನುಷಂಗಿಕವಾದ ಸಂಗತಿಗಳು 'ಮಾತ್ರ' ಇರುವ ಮಸೂದೆಯೇ ಧನ ಮಸೂದೆ ಎಂಬುದು 110ನೇ ವಿಧಿಯ ಮಾತು. ಇಡೀ ವಿವಾದ ನಿಂತಿರುವುದು ಈ 'ಮಾತ್ರ' ಎಂಬ ಒಂದು ಪದದ ಮೇಲೆ.

2016ರ ಮಾರ್ಚ್‌ನಲ್ಲಿ ಆಧಾರ್ ಮಸೂದೆಯನ್ನು ಧನ ಮಸೂದೆಯಾಗಿ ಮಂಡಿಸಲಾಯಿತು. ರಾಜ್ಯಸಭೆ ಮಾರ್ಚ್ 16ರಂದು ಐದು ತಿದ್ದುಪಡಿಗಳನ್ನು ಶಿಫಾರಸು ಮಾಡಿತು. ಅದೇ ದಿನ ಲೋಕಸಭೆ ಅವೆಲ್ಲವನ್ನೂ ತಿರಸ್ಕರಿಸಿತು. ಅದೇ ವರ್ಷದ ಹಣಕಾಸು ಕಾಯ್ದೆ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯಲ್ಲಿನ 'ವಿದೇಶಿ ಮೂಲ' ಎಂಬುದರ ವ್ಯಾಖ್ಯೆಯನ್ನು ಸಡಿಲಿಸಿತು. ಇದಕ್ಕೊಂದು ಹಿನ್ನೆಲೆಯಿದೆ. ವಿದೇಶಿ ಮೂಲದ ಕಂಪನಿಯೊಂದರ ಅಂಗಸಂಸ್ಥೆಗಳಿಂದ ದೇಣಿಗೆ ಪಡೆದು ಕಾಂಗ್ರೆಸ್ ಮತ್ತು ಭಾರತೀಯ ಜನತಾ ಪಕ್ಷ ಎರಡೂ ಕಾನೂನು ಮೀರಿವೆ ಎಂದು ದೆಹಲಿ ಹೈಕೋರ್ಟ್ 2014ರ ಮಾರ್ಚ್‌ನಲ್ಲಿ ಹೇಳಿತ್ತು. 2018ರ ಹಣಕಾಸು ಕಾಯ್ದೆ ಈ ಸಡಿಲಿಕೆಯನ್ನು 1976ರ ಆಗಸ್ಟ್ 5ರಷ್ಟು ಹಿಂದಕ್ಕೆ ಒಯ್ದಿತು. ಆ ವರ್ಷ ಲೋಕಸಭೆಯಲ್ಲಿ ಹಣಕಾಸು ಮಸೂದೆ ಗಿಲೋಟಿನ್ ಮೂಲಕ, ಚರ್ಚೆಯಿಲ್ಲದೆ ಕೆಲವೇ ನಿಮಿಷಗಳಲ್ಲಿ ಅಂಗೀಕಾರವಾಯಿತು. ನಾಲ್ಕು ದಶಕಗಳಷ್ಟು ಹಿಂದಕ್ಕೆ ಕೈಚಾಚಿದ ಖಂಡವೊಂದಕ್ಕೆ ಸದನದಲ್ಲಿ ನಾಲ್ಕು ನಿಮಿಷದ ಚರ್ಚೆಯೂ ದೊರೆಯಲಿಲ್ಲ. ಎರಡೂ ದೊಡ್ಡ ಪಕ್ಷಗಳಿಗೆ ಅದರಿಂದ ಪ್ರಯೋಜನವಿತ್ತು ಎಂಬುದನ್ನು ಓದುಗರು ಗಮನಿಸಬೇಕು.

ಈ ಪರಂಪರೆಯ ಶಿಖರ 2017ರ ಹಣಕಾಸು ಕಾಯ್ದೆ. ಚುನಾವಣಾ ಬಾಂಡ್‌ಗಳಿಗಾಗಿ ರಿಸರ್ವ್ ಬ್ಯಾಂಕ್ ಕಾಯ್ದೆ, ಪ್ರಜಾಪ್ರಾತಿನಿಧ್ಯ ಕಾಯ್ದೆ ಮತ್ತು ಆದಾಯ ತೆರಿಗೆ ಕಾಯ್ದೆಗಳನ್ನು ಅದು ತಿದ್ದಿತು. ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 7.5ಕ್ಕಿಂತ ಹೆಚ್ಚು ಮೊತ್ತವನ್ನು ಕಂಪನಿಗಳು ಪಕ್ಷಗಳಿಗೆ ನೀಡಬಾರದೆಂಬ ಮಿತಿ ಕಂಪನಿ ಕಾಯ್ದೆಯಿಂದ ಮಾಯವಾಯಿತು. ಯಾವ ಪಕ್ಷಕ್ಕೆ ಎಷ್ಟು ಕೊಟ್ಟೆವೆಂದು ಲೆಕ್ಕಪತ್ರದಲ್ಲಿ ತೋರಿಸುವ ಹೊಣೆಯೂ ಹೋಯಿತು. ಆದಾಯ ತೆರಿಗೆ ದಾಳಿಗೆ ಆಧಾರವಾದ ಕಾರಣಗಳನ್ನು ಮೇಲ್ಮನವಿ ನ್ಯಾಯಮಂಡಳಿಗೂ ತಿಳಿಸಬೇಕಿಲ್ಲ ಎಂಬ ವಿವರಣೆ 1962ರಿಂದಲೇ ಜಾರಿಗೆ ಬರುವಂತೆ ಸೇರಿತು. ಇನ್ನು ಮೂಲ ಮಸೂದೆಯಲ್ಲಿ ಇಲ್ಲದೆ, ಮಾರ್ಚ್ ಮೂರನೆಯ ವಾರದಲ್ಲಿ ಸರ್ಕಾರಿ ತಿದ್ದುಪಡಿಗಳಾಗಿ ಬಂದ ವಿಷಯಗಳು ಬೇರೆ. ಪ್ಯಾನ್‌ಗೆ ಆಧಾರ್ ಜೋಡಣೆ ಕಡ್ಡಾಯವಾದದ್ದು ಹೀಗೆಯೇ. ಹಲವು ನ್ಯಾಯಮಂಡಳಿಗಳನ್ನು ವಿಲೀನಗೊಳಿಸಿ, ಅವುಗಳ ಸದಸ್ಯರ ನೇಮಕಾತಿ ಮತ್ತು ಸೇವಾ ನಿಯಮಗಳನ್ನು ರೂಪಿಸುವ ಅಧಿಕಾರವನ್ನು ಸರ್ಕಾರ ತನ್ನ ಕೈಗೆ ತೆಗೆದುಕೊಂಡದ್ದೂ ಹೀಗೆಯೇ.

ರಾಜ್ಯಸಭೆ ಸುಮ್ಮನೆ ಕೂರಲಿಲ್ಲ. 2017ರ ಮಾರ್ಚ್ 29ರಂದು ಐದು ತಿದ್ದುಪಡಿಗಳನ್ನು ಅದು ಅಂಗೀಕರಿಸಿತು. ಕಂಪನಿ ದೇಣಿಗೆಯ ಮೇಲಿನ ಮಿತಿ ಉಳಿಯಲಿ ಎಂಬುದೂ ಅವುಗಳಲ್ಲಿ ಒಂದು. ಮರುದಿನ ಲೋಕಸಭೆ ಐದನ್ನೂ ತಳ್ಳಿಹಾಕಿತು. ಸಂವಿಧಾನದ ಪ್ರಕಾರ ಅದು ಲೋಕಸಭೆಯ ಹಕ್ಕೇ ಹೌದು. ಆದರೆ ಮಸೂದೆಗೆ 'ಧನ' ಎಂಬ ಮುದ್ರೆ ಬೀಳದಿದ್ದರೆ ಆ ಹಕ್ಕು ಉದ್ಭವಿಸುತ್ತಿರಲಿಲ್ಲ.

ಜಮಖಂಡಿಯ ಓದುಗರಿಗೆ ಇಲ್ಲಿ ಒಂದು ನೆನಪು ಸಹಜ. ಸಾವಳಗಿಯಲ್ಲಿ ಹುಟ್ಟಿದ ಬಿ.ಡಿ. ಜತ್ತಿಯವರು 1974ರಿಂದ 1979ರವರೆಗೆ ಉಪರಾಷ್ಟ್ರಪತಿಯಾಗಿ ರಾಜ್ಯಸಭೆಯ ಸಭಾಪತಿಯಾಗಿದ್ದರು. ಆ ಅವಧಿಯ ಕೊನೆಯ ವರ್ಷಗಳಲ್ಲಿ ಲೋಕಸಭೆಯಲ್ಲಿ ಬಹುಮತವಿದ್ದ ಜನತಾ ಸರ್ಕಾರಕ್ಕೆ ಮೇಲ್ಮನೆಯಲ್ಲಿ ಬಹುಮತವಿರಲಿಲ್ಲ. 1977ರ ಡಿಸೆಂಬರ್‌ನಲ್ಲಿ ಬ್ಯಾಂಕಿಂಗ್ ಸೇವಾ ಆಯೋಗ ರದ್ದತಿ ಮಸೂದೆಯನ್ನು ರಾಜ್ಯಸಭೆ ತಿರಸ್ಕರಿಸಿತು. ಬ್ಯಾಂಕ್ ಎಂದರೆ ಹಣವೇ ತಾನೇ, ಆದ್ದರಿಂದ ಇದು ಧನ ಮಸೂದೆ ಎಂದು ಅಂದಿನ ಸರ್ಕಾರ ವಾದಿಸಲಿಲ್ಲ. 1978ರ ಮೇ ತಿಂಗಳಲ್ಲಿ ಎರಡೂ ಸದನಗಳ ಜಂಟಿ ಅಧಿವೇಶನ ಕರೆದು, ಚರ್ಚಿಸಿ, ಮತಕ್ಕೆ ಹಾಕಿ ಅಂಗೀಕಾರ ಪಡೆಯಿತು. ಮೇಲ್ಮನೆಯ ವಿರೋಧವನ್ನು ದಾಟಲು ಸಂವಿಧಾನ ತೋರಿಸಿದ ದಾರಿ ಅದು. ದಾರಿ ದೂರದ್ದು ಎಂಬುದು ಅದನ್ನು ಬಿಡಲು ಕಾರಣವಾಗಬಾರದು.

ನ್ಯಾಯಾಲಯಗಳು ಇದನ್ನು ಸರಿಪಡಿಸಲಿಲ್ಲವೇ ಎಂದು ಕೇಳಬಹುದು. ಸರಿಪಡಿಸಿದವು, ಆದರೆ ಬಹಳ ತಡವಾಗಿ ಮತ್ತು ಅರ್ಧಂಬರ್ಧವಾಗಿ. ಉತ್ತರ ಪ್ರದೇಶದ ಲೋಕಾಯುಕ್ತರ ಅವಧಿಯನ್ನು ವಿಸ್ತರಿಸಿದ ತಿದ್ದುಪಡಿಯೂ ಧನ ಮಸೂದೆಯಾಗಿಯೇ ಅಂಗೀಕಾರವಾಗಿತ್ತು. 2014ರಲ್ಲಿ ಸುಪ್ರೀಂ ಕೋರ್ಟ್ ಸಭಾಧ್ಯಕ್ಷರ ಪ್ರಮಾಣಪತ್ರವೇ ಅಂತಿಮ ಎಂದು ಅದನ್ನು ಎತ್ತಿಹಿಡಿಯಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಹೆಸರಿನ ಆಧಾರ್ ಪ್ರಕರಣದಲ್ಲಿ 2018ರ ಸೆಪ್ಟೆಂಬರ್ 26ರಂದು ನಾಲ್ವರು ನ್ಯಾಯಮೂರ್ತಿಗಳು ಕಾಯ್ದೆಯ ಬಹುಭಾಗವನ್ನು ಒಪ್ಪಿದರು. ಐದನೆಯವರಾದ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅದನ್ನು ಧನ ಮಸೂದೆಯಾಗಿ ಅಂಗೀಕರಿಸಿದ್ದು ಸಂವಿಧಾನಕ್ಕೆ ಬಗೆದ ವಂಚನೆ ಎಂದರು. 2019ರ ನವೆಂಬರ್ 13ರಂದು ನ್ಯಾಯಮಂಡಳಿ ನಿಯಮಗಳನ್ನು ಸುಪ್ರೀಂ ಕೋರ್ಟ್ ರದ್ದುಪಡಿಸಿತು. ಆದರೆ ಧನ ಮಸೂದೆ ಯಾವುದು ಎಂಬ ಮೂಲ ಪ್ರಶ್ನೆಯನ್ನು ಏಳು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಿತು. 2024ರ ಫೆಬ್ರವರಿ 15ರಂದು ಐವರ ಪೀಠ ಚುನಾವಣಾ ಬಾಂಡ್ ಯೋಜನೆಯನ್ನು ಒಮ್ಮತದಿಂದ ರದ್ದು ಮಾಡಿದಾಗಲೂ ಆ ಪ್ರಶ್ನೆ ಬಾಕಿಯೇ ಇತ್ತು. ಮತದಾರನ ಮಾಹಿತಿಯ ಹಕ್ಕಿಗೆ ಧಕ್ಕೆಯಾಗಿದೆ ಎಂಬುದು ಆ ತೀರ್ಪಿನ ಆಧಾರವಾಗಿತ್ತು. ಕಾನೂನು ಮಾಡಿದ ಮಾರ್ಗದ ಪ್ರಶ್ನೆಯನ್ನು ಪೀಠ ಕೈಗೆತ್ತಿಕೊಳ್ಳಲಿಲ್ಲ.

ಈ ವಿಳಂಬಕ್ಕೆ ಬೆಲೆಯಿದೆ. 2018ರ ಮಾರ್ಚ್‌ನಿಂದ 2024ರ ಜನವರಿಯವರೆಗೆ ಸುಮಾರು 16,518 ಕೋಟಿ ರೂಪಾಯಿಗಳ ಬಾಂಡ್‌ಗಳು ಮಾರಾಟವಾದವು. ಎರಡು ಲೋಕಸಭಾ ಚುನಾವಣೆಗಳ ನಡುವಿನ ರಾಜಕೀಯಕ್ಕೆ ಆ ಹಣ ಹರಿದುಹೋಯಿತು. ಯೋಜನೆ ಅಸಾಂವಿಧಾನಿಕ ಎಂದು ಸಾಬೀತಾದರೂ ಹರಿದ ಹಣ ಹಿಂದಕ್ಕೆ ಬರಲಿಲ್ಲ. ನ್ಯಾಯಮಂಡಳಿಗಳ ಕಥೆಯೂ ಭಿನ್ನವಲ್ಲ. ನಿಯಮಗಳು ಬಿದ್ದಾಗಲೆಲ್ಲ ಹೊಸ ನಿಯಮ, ಸುಗ್ರೀವಾಜ್ಞೆ, ಕಾಯ್ದೆಗಳು ಬಂದವು. 2021ರ ನ್ಯಾಯಮಂಡಳಿ ಸುಧಾರಣಾ ಕಾಯ್ದೆಯ ಮುಖ್ಯ ಅಂಶಗಳನ್ನು ಸುಪ್ರೀಂ ಕೋರ್ಟ್ 2025ರ ನವೆಂಬರ್ 19ರಂದು ರದ್ದುಪಡಿಸಿತು. 2017ರಲ್ಲಿ ಒಂದು ಸಂಸದೀಯ ಸಮಿತಿಯ ಮುಂದೆ ಕೆಲವು ತಿಂಗಳು ಚರ್ಚೆಯಾಗಿದ್ದರೆ ಎಂಟು ವರ್ಷಗಳ ವ್ಯಾಜ್ಯವನ್ನು ತಪ್ಪಿಸಬಹುದಿತ್ತು.

ಇದೆಲ್ಲ ದೆಹಲಿಯ ಮಾತು, ನಮಗೇನು ಎಂಬ ಉದಾಸೀನ ಸಲ್ಲದು. ಘಟಪ್ರಭಾ-ಕೃಷ್ಣಾ ನಡುವಿನ ನಮ್ಮ ನಾಲ್ಕು ತಾಲ್ಲೂಕುಗಳ ಬದುಕನ್ನೇ ಈ ದಸ್ತಾವೇಜು ಹೇಗೆ ಮುಟ್ಟಿದೆ ನೋಡಿ.

ಬೀಳಗಿ ಮತ್ತು ಜಮಖಂಡಿ ತಾಲ್ಲೂಕುಗಳ ಅನೇಕ ಗ್ರಾಮಗಳ ಫಲವತ್ತಾದ ಭೂಮಿ ಆಲಮಟ್ಟಿ ಹಿನ್ನೀರಿನ ಪಾಲಾಯಿತು. 1894ರ ಭೂಸ್ವಾಧೀನ ಕಾಯ್ದೆಯ ಕಾಲದಲ್ಲಿ ಅಧಿಕಾರಿ ನಿಗದಿ ಮಾಡಿದ ಬೆಲೆ ಸಾಲದೆಂದು ಸಂತ್ರಸ್ತರು ನ್ಯಾಯಾಲಯದ ಮೆಟ್ಟಿಲು ಹತ್ತುವುದು ಸಾಮಾನ್ಯವಾಗಿತ್ತು. ನ್ಯಾಯಾಲಯ ಹೆಚ್ಚಿಸಿದ ಪರಿಹಾರಕ್ಕೆ ಮೊದಲ ವರ್ಷ ಶೇ 9, ಆನಂತರ ಶೇ 15ರ ಬಡ್ಡಿ ಸೇರುತ್ತಿತ್ತು. ಲೆಕ್ಕ ಹಾಕಿದರೆ, ಹೆಚ್ಚುವರಿ ಪರಿಹಾರ 1 ಲಕ್ಷ ರೂಪಾಯಿಯಾಗಿದ್ದು ವ್ಯಾಜ್ಯ ಹತ್ತು ವರ್ಷ ನಡೆದರೆ ಬಡ್ಡಿಯೇ 1.44 ಲಕ್ಷವಾಗುತ್ತದೆ. ಅಂದರೆ ಅಸಲಿಗಿಂತ ಬಡ್ಡಿ ಹೆಚ್ಚು. ಈ ಬಡ್ಡಿಯೂ ಪರಿಹಾರದ ಭಾಗವೇ ಎಂದು ಸುಪ್ರೀಂ ಕೋರ್ಟ್ 2009ರ ಜುಲೈನಲ್ಲಿ ಘನಶ್ಯಾಮ್ ಪ್ರಕರಣದಲ್ಲಿ ಹೇಳಿತು. ಅದೇ ವರ್ಷದ ಎರಡನೇ ಹಣಕಾಸು ಕಾಯ್ದೆ, ಇಂತಹ ಬಡ್ಡಿ ಕೈಸೇರಿದ ವರ್ಷದ 'ಇತರ ಮೂಲಗಳ ಆದಾಯ', ಅದರಲ್ಲಿ ಅರ್ಧಕ್ಕೆ ಮಾತ್ರ ವಿನಾಯಿತಿ ಎಂಬ ಖಂಡಗಳನ್ನು ಸೇರಿಸಿತು. ಹಳೆಯ ವರ್ಷಗಳ ಲೆಕ್ಕ ಕೆದಕುವ ಕಷ್ಟವನ್ನು ತಪ್ಪಿಸುವುದು ಅದರ ಉದ್ದೇಶವಾಗಿತ್ತು. ಪರಿಣಾಮ ಮಾತ್ರ ಬೇರೆಯಾಯಿತು. ಗ್ರಾಮೀಣ ಕೃಷಿ ಭೂಮಿಯ ಪರಿಹಾರಕ್ಕೆ ತೆರಿಗೆಯಿಲ್ಲ, ಅದರ ಬಡ್ಡಿಗೆ ಇದೆಯೇ ಎಂಬ ಬಗ್ಗೆ ಗುಜರಾತ್ ಹೈಕೋರ್ಟ್ ರೈತರ ಪರವಾಗಿ, ಪಂಜಾಬ್-ಹರಿಯಾಣ ಹೈಕೋರ್ಟ್ ಇಲಾಖೆಯ ಪರವಾಗಿ ತೀರ್ಪು ನೀಡಿದವು. ಇದು ತೆರಿಗೆಯ ವಿಷಯವೇ ಆದ್ದರಿಂದ ಹಣಕಾಸು ಮಸೂದೆಯಲ್ಲಿ ಇರಲು ಅರ್ಹ. ಆದರೆ ಭೂಮಿ ಕಳೆದುಕೊಂಡವರ ಮೇಲೆ ಇದರ ಪರಿಣಾಮವೇನು ಎಂದು ಒಂದು ದಿನ ಚರ್ಚಿಸಿದ್ದರೆ ಖಂಡದ ಭಾಷೆ ಸ್ಪಷ್ಟವಾಗಿರುತ್ತಿತ್ತು.

ಎಲ್ಲ ಖಂಡಗಳೂ ಕೆಟ್ಟವಲ್ಲ. ಸಹಕಾರಿ ಸಕ್ಕರೆ ಕಾರ್ಖಾನೆಗಳು ಕಬ್ಬಿಗೆ ಕೊಟ್ಟ ಹೆಚ್ಚಿನ ಬೆಲೆಯನ್ನು ಲಾಭದ ಹಂಚಿಕೆಯೆಂದು ಪರಿಗಣಿಸಿ ತೆರಿಗೆ ಇಲಾಖೆ ಬೇಡಿಕೆ ಇಟ್ಟಿತ್ತು. ಸರ್ಕಾರ ನಿಗದಿಪಡಿಸಿದ ಬೆಲೆಯವರೆಗಿನ ಪಾವತಿಯನ್ನು ಖರ್ಚೆಂದು ಒಪ್ಪುವ ಖಂಡ 2015ರ ಹಣಕಾಸು ಕಾಯ್ದೆಯಲ್ಲಿ ಬಂತು. 2023ರ ಕಾಯ್ದೆ ಅದನ್ನು 2016-17ಕ್ಕೆ ಮುಂಚಿನ ವರ್ಷಗಳಿಗೂ ವಿಸ್ತರಿಸಿತು. ಇದರಿಂದ ಸುಮಾರು 10,000 ಕೋಟಿ ರೂಪಾಯಿಗಳ ಪರಿಹಾರ ದೊರೆಯಲಿದೆ ಎಂದು ಮುಂಗಡಪತ್ರ ಭಾಷಣದಲ್ಲಿಯೇ ಹೇಳಲಾಗಿತ್ತು. ಖಾಸಗಿ ಕಾರ್ಖಾನೆಗಳು ಹೆಚ್ಚಿರುವ ಮುಧೋಳ-ಜಮಖಂಡಿ ಸೀಮೆಗೆ ಇದರ ಪಾಲು ಚಿಕ್ಕದು, ಸಹಕಾರಿ ಕಾರ್ಖಾನೆಗಳು ಪ್ರಬಲವಾಗಿರುವ ನೆರೆಯ ಮಹಾರಾಷ್ಟ್ರಕ್ಕೆ ದೊಡ್ಡದು. ಆದರೂ ವಿಷಯ ತೆರಿಗೆಯದು, ಉದ್ದೇಶ ಬಹಿರಂಗ, ಮೊತ್ತ ಪ್ರಕಟಿತ. ಹಣಕಾಸು ಮಸೂದೆ ಹೀಗಿರಬೇಕು.

ರಬಕವಿ-ಬನಹಟ್ಟಿಯ ಜವಳಿ ವ್ಯವಹಾರಕ್ಕೆ ಅದೇ 2023ರ ಕಾಯ್ದೆ ಇನ್ನೊಂದು ಬದಲಾವಣೆ ತಂದಿತು. ನೋಂದಾಯಿತ ಸಣ್ಣ ಉತ್ಪಾದಕರಿಗೆ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನ, ಇಲ್ಲವಾದರೆ 15 ದಿನಗಳೊಳಗೆ ಹಣ ಕೊಡದ ಖರೀದಿದಾರನಿಗೆ ಆ ವರ್ಷ ಆ ಖರ್ಚಿನ ವಿನಾಯಿತಿ ಇಲ್ಲ ಎಂಬುದು ಅದರ ಸಾರ. ತಿಂಗಳುಗಟ್ಟಲೆ ಉದ್ದರಿಯ ಮೇಲೆ ಸೀರೆ ಮಾರುವ ನೇಕಾರನಿಗೆ ಇದು ಕಾಗದದ ಮೇಲೆ ವರ. ಖರೀದಿದಾರರು ನೋಂದಣಿ ಇಲ್ಲದವರತ್ತ ಹೊರಳಿದರೆ ಅದೇ ಶಾಪ. ಹತ್ತಿಯದು ಇನ್ನೊಂದು ಬಗೆ. 2021ರ ಫೆಬ್ರವರಿಯಲ್ಲಿ ಆಮದು ಹತ್ತಿಯ ಮೇಲೆ ಮೂಲ ಸುಂಕ ಶೇ 5, ಕೃಷಿ ಮೂಲಸೌಕರ್ಯ ಸೆಸ್ ಶೇ 5, ಇವುಗಳ ಮೇಲಿನ ಸರ್‌ಚಾರ್ಜ್ ಸೇರಿ ಒಟ್ಟು ಶೇ 11 ಹೊರೆ ಬಿತ್ತು. 2022ರಲ್ಲಿ ಕೆಲವು ತಿಂಗಳು, ಮತ್ತೆ 2025ರ ಆಗಸ್ಟ್ 19ರಿಂದ ಡಿಸೆಂಬರ್ 31ರವರೆಗೆ ಅಧಿಸೂಚನೆಯ ಮೂಲಕ ಅದಕ್ಕೆ ವಿನಾಯಿತಿ ದೊರೆಯಿತು. ಸುಂಕ ಬೇಕೆನ್ನುವ ಹತ್ತಿ ಬೆಳೆಗಾರ, ಬೇಡವೆನ್ನುವ ನೇಕಾರ ಇಬ್ಬರೂ ನಮ್ಮವರೇ. ಅವರ ಹಿತಗಳನ್ನು ತೂಗಬೇಕಾದ ತಕ್ಕಡಿ ಸದನದಲ್ಲಿರಬೇಕು. ಜೊತೆಗೆ, ಸೆಸ್ ಮತ್ತು ಸರ್‌ಚಾರ್ಜ್‌ಗಳು ರಾಜ್ಯಗಳೊಡನೆ ಹಂಚಿಕೊಳ್ಳಬೇಕಾದ ತೆರಿಗೆಗಳ ಸಾಲಿಗೆ ಸೇರುವುದಿಲ್ಲ. ಹದಿನಾಲ್ಕನೇ ಹಣಕಾಸು ಆಯೋಗದಲ್ಲಿ ಶೇ 4.713 ಇದ್ದ ಕರ್ನಾಟಕದ ಪಾಲು ಹದಿನೈದನೆಯದರಲ್ಲಿ ಶೇ 3.647ಕ್ಕೆ ಇಳಿದಿತ್ತು. ಅಂತಹ ಕಾಲದಲ್ಲಿ ತೆರಿಗೆಯ ಬದಲು ಸೆಸ್ ವಿಧಿಸುವ ಒಂದು ಸಾಲಿನ ಆಯ್ಕೆ ರಾಜ್ಯದ ಬೊಕ್ಕಸವನ್ನು ನೇರವಾಗಿ ತಟ್ಟುತ್ತದೆ. ರಾಜ್ಯಗಳ ಪರವಾಗಿ ಮಾತನಾಡಬೇಕಾದ ಮೇಲ್ಮನೆಗೆ ಈ ವಿಷಯದಲ್ಲಿ ಶಿಫಾರಸಿನ ಅಧಿಕಾರ ಮಾತ್ರ.

ಮಧ್ಯಮ ವರ್ಗದ ಉಳಿತಾಯಗಾರರೂ ಸುರಕ್ಷಿತರಲ್ಲ. ಸಾಲಪತ್ರ ಆಧಾರಿತ ಮ್ಯೂಚುವಲ್ ಫಂಡ್‌ಗಳಿಗಿದ್ದ ದೀರ್ಘಾವಧಿ ಲಾಭದ ತೆರಿಗೆ ಸೌಲಭ್ಯ ಕೊನೆಗೊಂಡದ್ದು 2023ರ ಫೆಬ್ರವರಿಯ ಮೂಲ ಮಸೂದೆಯಿಂದಲ್ಲ. ಮಾರ್ಚ್ 24ರಂದು 64 ಸರ್ಕಾರಿ ತಿದ್ದುಪಡಿಗಳೊಂದಿಗೆ, ಗದ್ದಲದ ನಡುವೆ ಚರ್ಚೆಯಿಲ್ಲದೆ ಮಸೂದೆ ಅಂಗೀಕಾರವಾದಾಗ ಆ ಬದಲಾವಣೆ ಸೇರಿಕೊಂಡಿತ್ತು. ಫೆಬ್ರವರಿ 1ರಂದು ಭಾಷಣ ಕೇಳಿ ಹೂಡಿಕೆ ಮಾಡಿದವರಿಗೆ ಏಪ್ರಿಲ್ 1ರ ಹೊತ್ತಿಗೆ ನಿಯಮವೇ ಬೇರೆಯಾಗಿತ್ತು.

ಸರ್ಕಾರಗಳ ಸಮರ್ಥನೆಯನ್ನೂ ಆಲಿಸಬೇಕು. ಜನಾದೇಶ ಪಡೆದ ಲೋಕಸಭೆಯ ಕೆಲಸಕ್ಕೆ ಮೇಲ್ಮನೆ ಅಡ್ಡಗಾಲು ಹಾಕುತ್ತದೆ ಎಂಬುದು ಒಂದು ವಾದ. ಹಿಂದಿನವರೂ ಇದನ್ನೇ ಮಾಡಿದ್ದರು ಎಂಬುದು ಇನ್ನೊಂದು. ಎರಡನೆಯದರಲ್ಲಿ ಸತ್ಯಾಂಶವಿದೆ. ವೊಡಾಫೋನ್ ಪ್ರಕರಣದಲ್ಲಿ 2012ರ ಜನವರಿಯಲ್ಲಿ ಸೋತ ಅಂದಿನ ಸರ್ಕಾರ, ಅದೇ ವರ್ಷದ ಹಣಕಾಸು ಕಾಯ್ದೆಯ ಮೂಲಕ 1962ರಿಂದ ಪೂರ್ವಾನ್ವಯವಾಗುವಂತೆ ಕಾನೂನನ್ನೇ ಬದಲಿಸಿತು. ಹೂಡಿಕೆದಾರರ ವಿಶ್ವಾಸ ಕುಸಿದು, ಅಂತರರಾಷ್ಟ್ರೀಯ ಮಧ್ಯಸ್ಥಿಕೆಗಳಲ್ಲಿ ಸೋತು, ಕೊನೆಗೆ 2021ರ ಆಗಸ್ಟ್‌ನಲ್ಲಿ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. ಪಕ್ಷ ಯಾವುದೇ ಇರಲಿ, ಅವಸರದ ಖಂಡ ನಿಧಾನದ ನಷ್ಟಕ್ಕೆ ದಾರಿ ಮಾಡುತ್ತದೆ ಎಂಬುದೇ ಇದರ ಪಾಠ. ಮೊದಲನೆಯ ವಾದಕ್ಕೆ ಉತ್ತರ ಸಂವಿಧಾನದಲ್ಲಿಯೇ ಇದೆ. ತೆರಿಗೆಯ ಜೊತೆಗೆ ಅನ್ಯ ವಿಷಯಗಳೂ ಇರುವ ಮಸೂದೆಗಳಿಗೆ 117ನೇ ವಿಧಿ ಪ್ರತ್ಯೇಕ ದಾರಿ ಕೊಟ್ಟಿದೆ. ಅವುಗಳಿಗೆ ಎರಡೂ ಸದನಗಳ ಒಪ್ಪಿಗೆ ಬೇಕು, ಅಷ್ಟೇ.

ಈ ರೋಗ ನಮ್ಮೊಬ್ಬರದಲ್ಲ. ಹಣದ ಮಸೂದೆಗೆ ಅನ್ಯ ವಿಷಯ ಕಟ್ಟುವ ಚಾಳಿಯನ್ನು ಬ್ರಿಟನ್ನಿನ ಲಾರ್ಡ್ಸ್ ಸಭೆ 1702ರಲ್ಲಿಯೇ ಖಂಡಿಸಿ ನಿರ್ಣಯ ಮಾಡಿತ್ತು. ಆಸ್ಟ್ರೇಲಿಯಾದ ಸಂವಿಧಾನದ 55ನೇ ವಿಧಿಯಂತೆ ತೆರಿಗೆ ಕಾನೂನಿನಲ್ಲಿ ತೆರಿಗೆಯ ಹೊರತು ಬೇರೇನಾದರೂ ಇದ್ದರೆ ಅದಕ್ಕೆ ಮಾನ್ಯತೆಯೇ ಇಲ್ಲ. ಅಮೆರಿಕದಲ್ಲಿ 2025ರ ಬೃಹತ್ ತೆರಿಗೆ ಮತ್ತು ಖರ್ಚಿನ ಮಸೂದೆಯೊಳಗೆ, ಕೃತಕ ಬುದ್ಧಿಮತ್ತೆಯ ಮೇಲೆ ರಾಜ್ಯಗಳು ನಿಯಂತ್ರಣ ಹೇರದಂತೆ ತಡೆಯುವ ಖಂಡವೊಂದನ್ನು ಸೇರಿಸಲಾಗಿತ್ತು. ಜುಲೈ 1ರಂದು ಸೆನೆಟ್ 99-1 ಮತಗಳಿಂದ ಅದನ್ನು ಕಿತ್ತುಹಾಕಿತು. ಮೇಲ್ಮನೆಗೆ ನಿಜವಾದ ಅಧಿಕಾರವಿದ್ದರೆ ಆಡಳಿತ ಪಕ್ಷದ ಸದಸ್ಯರೂ ವಿವೇಚನೆಯಿಂದ ಮತ ಹಾಕಬಲ್ಲರು ಎಂಬುದಕ್ಕೆ ಇದೊಂದು ನಿದರ್ಶನ.

ಪರಿಹಾರ ದುಸ್ಸಾಧ್ಯವೇನಲ್ಲ. ತೆರಿಗೆಯೇತರ ಖಂಡಗಳನ್ನು ಹಣಕಾಸು ಮಸೂದೆಯಿಂದ ಬೇರ್ಪಡಿಸಿ ಪ್ರತ್ಯೇಕ ಮಸೂದೆಯಾಗಿ ತರಬೇಕು. ತಿದ್ದುಪಡಿಯು ಮಸೂದೆಯ ವ್ಯಾಪ್ತಿಯೊಳಗೇ ಇರಬೇಕೆಂಬ ಲೋಕಸಭೆಯ 80ನೇ ನಿಯಮವನ್ನು ಅಮಾನತಿನಲ್ಲಿಡುವ ಪದ್ಧತಿ ನಿಲ್ಲಬೇಕು. ಮೂಲ ಮಸೂದೆಯಲ್ಲಿ ಇಲ್ಲದ ಸರ್ಕಾರಿ ತಿದ್ದುಪಡಿಗಳನ್ನು ಮತದಾನಕ್ಕೆ ಕನಿಷ್ಠ ಒಂದು ವಾರ ಮೊದಲು ಪ್ರಕಟಿಸಬೇಕು. ಪ್ರತಿ ಪೂರ್ವಾನ್ವಯ ಖಂಡದ ಎದುರು ಅದರಿಂದ ಯಾರಿಗೆ ಲಾಭ, ಯಾರಿಗೆ ಹೊರೆ ಎಂಬ ವಿವರಣೆ ಇರಬೇಕು. ಧನ ಮಸೂದೆಯ ಪ್ರಶ್ನೆಗೆ ಏಳು ನ್ಯಾಯಮೂರ್ತಿಗಳ ಪೀಠದ ಉತ್ತರ ಮುಂದಿನ ಎಲ್ಲ ಸರ್ಕಾರಗಳಿಗೂ ಗೆರೆ ಎಳೆಯಬಲ್ಲದು. 199ನೇ ವಿಧಿಯಡಿ ವಿಧಾನ ಪರಿಷತ್ತಿಗೂ ಇದೇ ತತ್ವ ಅನ್ವಯಿಸುವುದರಿಂದ ಬೆಂಗಳೂರಿಗೂ ಆ ಗೆರೆ ಬೇಕು.

ನಾಗರಿಕರ ಪಾಲಿನ ಕೆಲಸವೂ ಇದೆ. ಫೆಬ್ರವರಿ ಮೊದಲ ದಿನದಿಂದ ಮಾರ್ಚ್ ಕೊನೆಯವರೆಗೆ ಸುಮಾರು ಎಂಟು ವಾರಗಳ ಕಾಲಾವಕಾಶವಿರುತ್ತದೆ. ಹಣಕಾಸು ಮಸೂದೆಯ ಪೂರ್ಣ ಪಾಠ ಮಂಡನೆಯ ದಿನವೇ ಸಾರ್ವಜನಿಕರಿಗೆ ಸಿಗುತ್ತದೆ. ಮುಧೋಳ, ಜಮಖಂಡಿಯ ವಕೀಲರ ಸಂಘಗಳು, ಬನಹಟ್ಟಿಯ ನೇಕಾರರ ಸಂಘಟನೆಗಳು, ಬೀಳಗಿಯ ಸಂತ್ರಸ್ತರ ಸಮಿತಿಗಳು, ಲೆಕ್ಕ ಪರಿಶೋಧಕರು ತಮಗೆ ಸಂಬಂಧಿಸಿದ ಖಂಡಗಳನ್ನು ಓದಿ, ಲಿಖಿತ ಅಭಿಪ್ರಾಯವನ್ನು ಬಾಗಲಕೋಟೆಯ ಸಂಸದರಿಗೂ ರಾಜ್ಯದ ರಾಜ್ಯಸಭಾ ಸದಸ್ಯರಿಗೂ ಕಳಿಸಬಹುದು. ಸರ್ಕಾರಿ ಕಡತಗಳ ನಡುವೆ ದಶಕಗಳನ್ನು ಕಳೆದವನಾಗಿ ಇಷ್ಟು ಹೇಳಬಲ್ಲೆ: ಯಾರೂ ಓದುವುದಿಲ್ಲ ಎಂಬ ಭರವಸೆಯಿದ್ದಾಗ ಮಾತ್ರ ಕೆಲವು ಟಿಪ್ಪಣಿಗಳನ್ನು ಬರೆಯಲಾಗುತ್ತದೆ. ಖಂಡವನ್ನು ಸಂಖ್ಯೆಸಹಿತ ಉಲ್ಲೇಖಿಸಿ ಬಂದ ಒಂದು ಪತ್ರಕ್ಕೆ ಉತ್ತರಿಸದೆ ಇರುವುದು ಕಚೇರಿಗೂ ಸುಲಭವಲ್ಲ, ಜನಪ್ರತಿನಿಧಿಗೂ ಸುಲಭವಲ್ಲ.